ಲೋಡು ಯಾವ ಕಡೆಗೆ? ಆರು ಎಲೆಕ್ಟ್ರಿಕ್ ಟಿಪ್ಪರ್‌ಗಳ ಒಂದು ಪ್ರಕರಣ

ಒಂದು ಸುಣ್ಣಕಲ್ಲು ಗಣಿಯಲ್ಲಿ ಡೀಸೆಲ್ ಟಿಪ್ಪರ್‌ಗಳ ಜಾಗಕ್ಕೆ ಎಲೆಕ್ಟ್ರಿಕ್ ಟಿಪ್ಪರ್ ತರುವ ಕೆಲಸ ನಡೆಯಿತು. ಗಾಡಿ ನಿರ್ವಹಣೆಯ ಕಡೆಯಿಂದ ನಾನು ಅದರಲ್ಲಿದ್ದೆ. ಗಣಿ, ಕಂಪನಿ, ಗಾಡಿ ಮಾಡಿಕೊಟ್ಟವರು, ಯಾರ ಗುರುತೂ ಇಲ್ಲಿ ಸಿಗುವುದಿಲ್ಲ. ಅಂಕಿಗಳನ್ನು ಹತ್ತಿರದ ಸುಲಭ ಸಂಖ್ಯೆಗೆ ತಂದಿದ್ದೇನೆ. ಯೂನಿಟ್ ಅಂದಾಗೆಲ್ಲ ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಒಂದು ಕಿಲೋವ್ಯಾಟ್ ಅವರ್.

ಜಾಗ ಮತ್ತು ಗಾಡಿ

ಗಣಿಯಲ್ಲಿ ಎರಡು ಕಡೆ ಕಲ್ಲು ತೆಗೆಯುತ್ತಿದ್ದರು. ಒಂದು ಬೆಟ್ಟದ ಮೇಲೆ, ಕಲ್ಲು ಪುಡಿಮಾಡುವ ಕ್ರಷರ್‌ಗಿಂತ 250 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕ್ರಷರ್‌ಗೆ 5 ಕಿಲೋಮೀಟರ್ ಮಣ್ಣಿನ ದಾರಿ. ಇನ್ನೊಂದು ಗುಂಡಿ. ಕ್ರಷರ್‌ನ ಪಕ್ಕದಲ್ಲೇ ಇದೆ, ಆದರೆ 150 ಮೀಟರ್ ಆಳ. ಸುತ್ತಿಕೊಂಡು ಮೇಲೆ ಬರಲು 3 ಕಿಲೋಮೀಟರ್. ಬೆಟ್ಟದ ಗಾಡಿ ಲೋಡು ಹೊತ್ತು ಇಳಿಯುತ್ತದೆ, ಖಾಲಿ ಏರುತ್ತದೆ. ಗುಂಡಿಯದ್ದು ಉಲ್ಟಾ. ಇಷ್ಟು ಸಣ್ಣ ವಿಷಯವೇ ಮುಂದೆ ಇಡೀ ಕಥೆಯಾಗುತ್ತದೆ ಅಂತ ಆಗ ನಮಗೆ ಹೊಳೆದಿರಲಿಲ್ಲ.

ಡೀಸೆಲ್ ಟಿಪ್ಪರ್‌ಗಳು 24 ಇದ್ದವು. ಲೋಡು ಸೇರಿ ಒಟ್ಟು 45 ಟನ್, ಅದರಲ್ಲಿ ಕಲ್ಲು 28 ಟನ್. ತರಿಸಿದ ಎಲೆಕ್ಟ್ರಿಕ್ ಟಿಪ್ಪರ್‌ಗೂ ಒಟ್ಟು ಮಿತಿ 45 ಟನ್ನೇ. ಆದರೆ 350 ಯೂನಿಟ್‌ನ ಬ್ಯಾಟರಿ ಎರಡು ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಡೀಸೆಲ್ ಟ್ಯಾಂಕ್ ತೆಗೆದ ಮೇಲೂ ಗಾಡಿ 2 ಟನ್ ಭಾರವೇ ಉಳಿಯಿತು. ಹಾಗಾಗಿ ಕಲ್ಲು 26 ಟನ್ ಮಾತ್ರ. ಉತ್ಪಾದನೆಯ ಮ್ಯಾನೇಜರ್ ಮೊದಲ ಸಭೆಯಲ್ಲೇ ಇದನ್ನು ಹಿಡಿದುಕೊಂಡರು. ಶಿಫ್ಟಿಗೆ 12 ಟ್ರಿಪ್ ಅಂದರೆ 24 ಟನ್ ಕಡಿಮೆ, ಹೆಚ್ಚುಕಡಿಮೆ ಒಂದು ಟ್ರಿಪ್ಪೇ ಹೋದ ಹಾಗೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಸಭೆಯಲ್ಲಿ ಅದಕ್ಕೆ ಉತ್ತರವೂ ನಮ್ಮ ಹತ್ತಿರ ಇರಲಿಲ್ಲ.

ಮೊದಲ ಲೆಕ್ಕ

ಆರು ಗಾಡಿ ಎಲ್ಲಿ ಓಡಿಸಬೇಕು? ಎಲ್ಲರೂ ಗುಂಡಿ ಅಂದೆವು. ನಾನೂ ಅಂದೆ. ಕಾರಣಗಳು ಚೆನ್ನಾಗಿಯೇ ಇದ್ದವು. ಗುಂಡಿಯ ಗಾಡಿಗಳೇ ಹೆಚ್ಚು ಡೀಸೆಲ್ ಕುಡಿಯುತ್ತಿದ್ದವು, ಎಲ್ಲಿ ಖರ್ಚು ಜಾಸ್ತಿಯೋ ಅಲ್ಲೇ ಉಳಿತಾಯವೂ ಜಾಸ್ತಿ ಅಲ್ವಾ? ದಾರಿಯೂ ಚಿಕ್ಕದು. ಕಾರ್ಖಾನೆಯ ಸಬ್‌ಸ್ಟೇಷನ್ ಕೂಗಳತೆಯಲ್ಲಿತ್ತು, ಕೇಬಲ್ ಎಳೆಯೋದು ಸುಲಭ. ಗಾಡಿ ಕೊಟ್ಟವರ ಕಾಗದದಲ್ಲಿ ಒಂದು ಚಾರ್ಜಿಗೆ 200 ಕಿಲೋಮೀಟರ್ ಅಂತಿತ್ತು. ಗುಂಡಿಯಲ್ಲಿ ಶಿಫ್ಟಿಗೆ 80 ಕಿಲೋಮೀಟರ್ ಕೂಡ ಓಡುವುದಿಲ್ಲ. ಇನ್ನೇನು ಬೇಕು?

ಆ 200 ಕಿಲೋಮೀಟರ್ ಸಮತಟ್ಟಾದ ಟಾರು ರಸ್ತೆಯ ಅಂಕಿ. ಗುಂಡಿಯ ದಾರಿಯಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬರುವುದೇ ಇಲ್ಲ. ಎಷ್ಟು ಟನ್ನನ್ನು ಎಷ್ಟು ಮೀಟರ್ ಎತ್ತಿದೆವು ಅನ್ನೋದೇ ಲೆಕ್ಕ. ಒಂದು ಹಾಳೆಯ ಹಿಂಭಾಗದಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದಾಗಿದ್ದ ಲೆಕ್ಕ ಅದು. 45 ಟನ್ನನ್ನು 150 ಮೀಟರ್ ಎತ್ತಲು 18 ಯೂನಿಟ್. ಮೆತ್ತನೆ ಮಣ್ಣಿನಲ್ಲಿ ಚಕ್ರ ಉರುಳಿಸಲು ಇನ್ನೊಂದು 9. ಮೋಟರ್, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸುವ ಇನ್ವರ್ಟರ್, ಗೇರಿನಲ್ಲಿ ಸೋರುವುದೂ ಸೇರಿದರೆ 32ರ ಹತ್ತಿರ. ಖಾಲಿ ಇಳಿಯುವಾಗ ವಾಪಸ್ ಸಿಗುವುದು 3. ಲೋಡು ಸುರಿಯಲು ಹೈಡ್ರಾಲಿಕ್ ಪಂಪಿಗೆ ಒಂದೂವರೆ. ಅಂತೂ ಒಂದು ಟ್ರಿಪ್ಪಿಗೆ 31 ಯೂನಿಟ್. ಇದನ್ನು ನಾನು ಗಾಡಿ ಬಂದ ಮೇಲೆ ಮಾಡಿದೆ.

ಎರಡನೇ ತಪ್ಪು ಅನುಕ್ರಮದ್ದು. ಮೊದಲು ಗಾಡಿಗೆ ಆರ್ಡರ್ ಕೊಟ್ಟರು, ಆಮೇಲೆ ಕರೆಂಟಿನ ಮಾತು. ತಲಾ 150 ಕಿಲೋವ್ಯಾಟ್‌ನ ಆರು ಚಾರ್ಜರ್ ಒಟ್ಟಿಗೆ ಹಾಕಿದರೆ 900 ಕಿಲೋವ್ಯಾಟ್ ಬೇಕು. ಸಬ್‌ಸ್ಟೇಷನ್ನಿನಲ್ಲಿ ಉಳಿದಿದ್ದು ಸುಮಾರು 300. ಹೊಸ ಟ್ರಾನ್ಸ್‌ಫಾರ್ಮರ್ ಬರಬೇಕು, ಮಂಜೂರಾತಿ ಆಗಬೇಕು. ಗಾಡಿಗಳು ಹೇಳಿದ ತಿಂಗಳಿಗೆ ಬಂದವು. ಟ್ರಾನ್ಸ್‌ಫಾರ್ಮರ್ ಬಂದಿದ್ದು ಅದಾದ ಐದು ತಿಂಗಳಿಗೆ. ಅಷ್ಟೂ ದಿನ ಮೂರು ಹೊಸ ಟಿಪ್ಪರ್ ಯಾರ್ಡಿನ ಮೂಲೆಯಲ್ಲಿ ಬಿಳಿ ಧೂಳು ಹೊದ್ದುಕೊಂಡು ನಿಂತಿದ್ದವು. ಇದ್ದ 300 ಕಿಲೋವ್ಯಾಟ್‌ಗೆ ಎರಡು ಚಾರ್ಜರ್ ಹಾಕಿ ಉಳಿದ ಮೂರನ್ನು ಗುಂಡಿಗೆ ಇಳಿಸಿದೆವು.

ಗುಂಡಿಯಲ್ಲಿ ಏಳು ವಾರ

ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ. 15 ಪರ್ಸೆಂಟ್ ಉಳಿಸಿಕೊಂಡರೆ 9 ಟ್ರಿಪ್ ಆಗುತ್ತಿತ್ತು. ಹತ್ತನೆಯದಕ್ಕೆ ಲೋಡು ತುಂಬಿಕೊಂಡು ಹೊರಡಲು ಯಾವ ಡ್ರೈವರಿಗೂ ಧೈರ್ಯ ಸಾಲದು. ಅರ್ಧ ಏರಿನಲ್ಲಿ ನಿಂತರೆ 45 ಟನ್ ಎಳೆಯೋರು ಯಾರು? ಡೀಸೆಲ್ ಗಾಡಿ ಶಿಫ್ಟಿಗೆ 13 ಟ್ರಿಪ್ ಮಾಡುತ್ತಿತ್ತು. ನಮ್ಮದು 9 ಮಾಡಿ ಚಾರ್ಜಿಗೆ ನಿಲ್ಲುತ್ತಿತ್ತು. 200 ಯೂನಿಟ್ ತುಂಬಲು ಕಮ್ಮಿ ಅಂದರೂ ಒಂದು ಗಂಟೆ ಇಪ್ಪತ್ತು ನಿಮಿಷ. ಮೂರು ಗಾಡಿಗೆ ಎರಡು ಚಾರ್ಜರ್, ಮೂರನೆಯವನು ಕಾಯಬೇಕು. ಕೊನೆಗೆ 10 ಟ್ರಿಪ್ ಆದರೆ ಆ ದಿನ ಒಳ್ಳೆಯ ದಿನ.

ಶಿಫ್ಟ್ ಬದಲಾಗುವ ಹೊತ್ತಿಗೆ ಇನ್ನೊಂದು ತಲೆನೋವು. ಕ್ರಷರ್‌ನ ದೊಡ್ಡ ಮೋಟರ್‌ಗಳು ಶುರುವಾಗುವುದೂ ಆಗಲೇ, ಗಾಡಿಗಳನ್ನು ಚಾರ್ಜಿಗೆ ಹಾಕುವುದೂ ಆಗಲೇ. ಕಾರ್ಖಾನೆಯ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ ಒಂದು ದರವಾದರೆ, ತಿಂಗಳಲ್ಲಿ ಒಮ್ಮೆ ಮುಟ್ಟಿದ ಅತಿ ಹೆಚ್ಚಿನ ಕಿಲೋವ್ಯಾಟ್‌ಗೆ ಬೇರೆ ದರ. ಕಾಲು ಗಂಟೆಯ ಅವಸರಕ್ಕೆ ಇಡೀ ತಿಂಗಳ ದಂಡ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಒಂದು ಮಧ್ಯಾಹ್ನ. ಬಿಸಿಲು ಜೋರಾಗಿತ್ತು. ಲೋಡಾದ ಎಲೆಕ್ಟ್ರಿಕ್ ಟಿಪ್ಪರ್ ಏರಿನ ಮುಕ್ಕಾಲು ಭಾಗ ಬಂದು ಆಮೆಯ ಹಾಗೆ ತೆವಳತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ನಿಧಾನವಾಗಿ, ಪೂರ್ತಿ ಬಲ ಹಾಕಿ ಹತ್ತುವಾಗ ಮೋಟರ್ ಬಿಸಿಯಾಗುತ್ತದೆ. ಮಿತಿ ಮೀರಿದರೆ ಕಂಟ್ರೋಲರ್ ತಾನಾಗಿಯೇ ಶಕ್ತಿ ತಗ್ಗಿಸುತ್ತದೆ. ಹಿಂದೆ ನಾಲ್ಕು ಡೀಸೆಲ್ ಗಾಡಿ ಸಾಲಾಗಿ ಹಾರ್ನ್ ಹೊಡೆಯುತ್ತಿದ್ದವು. ಓವರ್‌ಟೇಕ್ ಮಾಡುವಷ್ಟು ಅಗಲ ಅಲ್ಲಿಲ್ಲ. ಗಾಡಿ ಮೇಲೆ ಬಂದ ಮೇಲೆ ಮುಂದಿನ ಕವಚ ಬಿಚ್ಚಿದೆವು. ಕೂಲಿಂಗ್ ರೇಡಿಯೇಟರ್‌ನ ಜಾಲರಿ ಕಾಣಿಸುತ್ತಲೇ ಇರಲಿಲ್ಲ. ಸುಣ್ಣಕಲ್ಲಿನ ಧೂಳು ಹಿಟ್ಟು ಮೆತ್ತಿದ ಹಾಗೆ ಕೂತಿತ್ತು. ಉಗುರಿನಲ್ಲಿ ಕೆರೆದರೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂತು. ಡೀಸೆಲ್ ಗಾಡಿಯ ರೇಡಿಯೇಟರಿಗೂ ಧೂಳು ಕೂರುತ್ತದೆ. ಆದರೆ ಎಂಜಿನ್ನಿನ ನೀರು 90 ಡಿಗ್ರಿಯಲ್ಲಿ ಓಡುತ್ತದೆ, ಹೊರಗಿನ ಗಾಳಿಗೂ ಅದಕ್ಕೂ ಅಂತರ ದೊಡ್ಡದು, ಸ್ವಲ್ಪ ಧೂಳು ತಡೆದುಕೊಳ್ಳುತ್ತದೆ. ಬ್ಯಾಟರಿಯನ್ನು 40 ಡಿಗ್ರಿ ದಾಟದ ಹಾಗೆ ಇಡಬೇಕು ಅಂದಾಗ ಅಂತರವೇ ಇರುವುದಿಲ್ಲ. ಆವತ್ತಿನಿಂದ ಪ್ರತಿ ಶಿಫ್ಟಿಗೂ ಗಾಳಿ ಹೊಡೆದು ಜಾಲರಿ ತೊಳೆಯುವ ಕೆಲಸ ಪಟ್ಟಿಗೆ ಸೇರಿತು.

ಏಳನೇ ವಾರಕ್ಕೆ ಪ್ರಯೋಗ ನಿಲ್ಲಿಸಿ ಅನ್ನುವ ಮಾತು ಬಂತು. ಬೇರೆ ದಾರಿಗಳನ್ನೂ ನೋಡಿದೆವು. ಚೀನಾದಲ್ಲಿ ಭಾರೀ ಟ್ರಕ್‌ಗಳ ಬ್ಯಾಟರಿಯನ್ನೇ ಕೆಲವು ನಿಮಿಷದಲ್ಲಿ ಎತ್ತಿ ಬದಲಾಯಿಸುವ ಕೇಂದ್ರಗಳು ಬಹಳ ಇವೆ. ಆದರೆ ನಮ್ಮ ಗಾಡಿಯ ಚಾಸಿ ಅದಕ್ಕೆ ತಕ್ಕದ್ದಲ್ಲ, ಆರು ಗಾಡಿಗಾಗಿ ಅಂಥ ಕೇಂದ್ರ ಕಟ್ಟುವುದೂ ಅತಿಯಾಯಿತು. ಸ್ವೀಡನ್ನಿನ ಐಟಿಕ್ ತಾಮ್ರದ ಗಣಿಯಲ್ಲಿ ಏರು ದಾರಿಯ ಮೇಲೆ ತಂತಿ ಎಳೆದು, ಟ್ರಾಲಿ ಬಸ್ಸಿನ ಹಾಗೆ ಲಾರಿ ಹತ್ತಿಸುತ್ತಾರೆ. ದೊಡ್ಡ ಗಣಿಗೆ ಅದು ಸರಿ. ನಮ್ಮ ಗುಂಡಿಯಲ್ಲಿ ಸಿಡಿಮದ್ದು ಹೊಡೆದ ಹಾಗೆಲ್ಲ ಕೆಲವು ತಿಂಗಳಿಗೊಮ್ಮೆ ದಾರಿಯೇ ಜಾಗ ಬದಲಿಸುತ್ತಿತ್ತು. ಕಂಬ ಎಲ್ಲಿ ನೆಡೋದು?

ಸ್ಟೋರಿನ ರಿಜಿಸ್ಟರ್

ತಿರುವು ಬಂದದ್ದು ಬೇರೆ ಕೆಲಸದಿಂದ. ವರ್ಷದ ಬಿಡಿಭಾಗದ ಲೆಕ್ಕ ಕೊಡಬೇಕಿತ್ತು, ಸ್ಟೋರಿನ ರಿಜಿಸ್ಟರ್ ಹಿಡಿದು ಕೂತಿದ್ದೆ. ಬ್ರೇಕ್ ಲೈನಿಂಗ್ (ಬ್ರೇಕ್ ಹಾಕಿದಾಗ ಉಜ್ಜಿ ಸವೆಯುವ ಪಟ್ಟಿ) ಅನ್ನುವ ಸಾಲಿನಲ್ಲಿ ಬೆಟ್ಟದ ಗಾಡಿಗಳ ನಂಬರುಗಳೇ ತಿರುಗಿ ತಿರುಗಿ ಬರುತ್ತಿದ್ದವು. ಗುಂಡಿಯ ಗಾಡಿಗೆ ಒಮ್ಮೆ ಹಾಕಿದ ಲೈನಿಂಗ್ ಬದಲಿಸುವಷ್ಟರಲ್ಲಿ ಬೆಟ್ಟದ ಗಾಡಿಗೆ ಮೂರು ಸಲ ಹಾಕಿರುತ್ತಿದ್ದೆವು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಖರ್ಚು ಅಂತ ಬೈದುಕೊಂಡು ಸುಮ್ನಿದ್ದೆವು. ಆವತ್ತು ಮಾತ್ರ ಬೇರೆ ಥರ ಕಂಡಿತು. ಇಷ್ಟೂ ಲೈನಿಂಗ್ ಸವೆದು ಶಾಖವಾಗಿ ಗಾಳಿಗೆ ಹೋಗಿದ್ದು ಶಕ್ತಿಯೇ ಅಲ್ವಾ?

ಈ ಸಲ ಲೆಕ್ಕ ಮೊದಲೇ ಹಾಕಿದೆ. 45 ಟನ್ 250 ಮೀಟರ್ ಇಳಿದರೆ 30 ಯೂನಿಟ್ ಕೈಗೆ ಬರುತ್ತದೆ. ದಾರಿಯ ಎಳೆತಕ್ಕೆ 12 ಹೋಗುತ್ತದೆ. ಉಳಿದ 18ರಲ್ಲಿ ಮೋಟರ್ ಜನರೇಟರ್ ಆಗಿ ಬ್ಯಾಟರಿಗೆ ಸೇರಿಸುವುದು ಸುಮಾರು 14. ಮೇಲೆ ಹತ್ತುವಾಗ ಗಾಡಿ ಖಾಲಿ, 19 ಟನ್ ಅಷ್ಟೇ. ಅದಕ್ಕೆ 21 ಖರ್ಚು. ಹೈಡ್ರಾಲಿಕ್ ಎಲ್ಲ ಸೇರಿ ಒಂದು ಟ್ರಿಪ್ಪಿಗೆ ನಿಜವಾಗಿ ಕಳೆದುಕೊಳ್ಳುವುದು 9 ಯೂನಿಟ್. ಗುಂಡಿಯಲ್ಲಿ 31, ಬೆಟ್ಟದಲ್ಲಿ 9. ಗಾಡಿ ಅದೇ, ಬ್ಯಾಟರಿ ಅದೇ, ದಾರಿ ಉದ್ದವೇ.

ಇನ್ನೆಲ್ಲಾದರೂ ಹೀಗೆ ಮಾಡಿದ್ದಾರಾ ಅಂತ ಮೇಲಿನವರು ಕೇಳಿದರು. ಮಾಡಿದ್ದರು. ಸ್ವಿಟ್ಜರ್ಲೆಂಡಿನ ಬಿಯೆಲ್ ಹತ್ತಿರದ ಗಣಿಯಲ್ಲಿ 65 ಟನ್ ಹೊರುವ ಕೊಮಾಟ್ಸು ಡಂಪರ್ ಒಂದನ್ನು ಬ್ಯಾಟರಿಗೆ ಬದಲಾಯಿಸಿ ಇದೇ ರೀತಿ ಓಡಿಸಿದ್ದಾರೆ. ಖಾಲಿ ಏರುತ್ತದೆ, ತುಂಬಿಕೊಂಡು ಇಳಿಯುತ್ತದೆ, ಇಳಿಯುವಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಆ ಉದಾಹರಣೆ ಕೆಲಸ ಮಾಡಿತು. ಮೂರು ಗಾಡಿ ಬೆಟ್ಟಕ್ಕೆ ಹೋದವು.

ಬ್ರೇಕಿನ ವಾಸನೆ

ಬೆಟ್ಟದ ಮೇಲೆ ವರ್ಕ್‌ಶಾಪ್, ಡ್ರೈವರುಗಳ ಕೋಣೆ, ಯಾರ್ಡ್ ಎಲ್ಲ ಇದ್ದವು. ಒಂದು ಚಾರ್ಜರನ್ನು ಅಲ್ಲೇ ಇಟ್ಟೆವು. ರಾತ್ರಿ ಚಾರ್ಜಿಗೆ ಹಾಕಿ, ಬೆಳಿಗ್ಗೆ 100 ಪರ್ಸೆಂಟ್ ನೋಡಿ ಖುಷಿಪಟ್ಟು ಗಾಡಿ ಬಿಟ್ಟೆವು. ಹತ್ತು ನಿಮಿಷದಲ್ಲಿ ವಾಕಿಟಾಕಿಯಲ್ಲಿ ಹಿರಿಯ ಡ್ರೈವರೊಬ್ಬರ ದನಿ: "ಸಾರ್, ಗಾಡಿ ಹಿಡೀತಿಲ್ಲ. ಬ್ರೇಕ್ ವಾಸನೆ ಬರ್ತಿದೆ. ಪಕ್ಕಕ್ಕೆ ಹಾಕಿದೀನಿ."

ನಾನು ಜೀಪಿನಲ್ಲಿ ಇಳಿದು ಹೋದಾಗ ಟಿಪ್ಪರ್ ಮಣ್ಣಿನ ದಿಬ್ಬಕ್ಕೆ ಮೂತಿ ತಾಗಿಸಿ ನಿಂತಿತ್ತು. ಹಿಂದಿನ ಡ್ರಮ್‌ಗಳಿಂದ ನೀಲಿ ಹೊಗೆ. ಅವರು ಚಕ್ರಕ್ಕೆ ಕಲ್ಲು ಕೊಟ್ಟು ದೂರ ನಿಂತಿದ್ದರು. ಬೈಯಲಿಲ್ಲ, ಅದೇ ನನಗೆ ಜಾಸ್ತಿ ಮುಜುಗರ.

ಆಗಿದ್ದಿಷ್ಟೇ. ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ಯಲಾಗದು. 100 ಪರ್ಸೆಂಟ್ ಇರುವ ಬ್ಯಾಟರಿ ಇಳಿಜಾರಿನ ಶಕ್ತಿಯನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿದ್ದರೆ ಮೋಟರ್ ಗಾಡಿಯನ್ನು ಹಿಡಿಯುವುದೂ ಇಲ್ಲ. ಡೀಸೆಲ್ ಗಾಡಿಯಲ್ಲಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ನಮ್ಮದರಲ್ಲಿ ಅದಕ್ಕೆ ಬದಲಾಗಿ ಏನೂ ಇರಲಿಲ್ಲ, 45 ಟನ್ನಿನ ಭಾರ ಪೂರ್ತಿ ಕಾಲು ಬ್ರೇಕಿನ ಮೇಲೆ ಬಿತ್ತು. ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಸುಡುವ ಬ್ರೇಕ್ ರೆಸಿಸ್ಟರ್ ಅನ್ನುವ ಭಾಗ ಪಟ್ಟಿಯಲ್ಲಿ ಐಚ್ಛಿಕ ಅಂತಿತ್ತು. ಗುಂಡಿಗೆ ಬೇಡ ಅಂತ ನಾವೇ ಬಿಟ್ಟಿದ್ದೆವು.

ಚಾರ್ಜನ್ನು 85 ಪರ್ಸೆಂಟಿಗೆ ನಿಲ್ಲಿಸಿದೆವು. ಸರಿಹೋಯಿತು ಅಂದುಕೊಂಡೆವು. ಚಳಿಗಾಲದ ಮೊದಲ ಬೆಳಿಗ್ಗೆ ಮತ್ತೆ ಅದೇ ಕಥೆ, ಈ ಸಲ 80 ಪರ್ಸೆಂಟಿನಲ್ಲೇ. ಬ್ಯಾಟರಿ ತಣ್ಣಗಿದ್ದಾಗ ರಭಸದಿಂದ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರಿಕೊಳ್ಳದೆ ಆನೋಡಿನ (ಬ್ಯಾಟರಿಯೊಳಗಿನ ಋಣ ತುದಿಯ) ಮೇಲೆ ಲೋಹವಾಗಿ ಕೂರುತ್ತದೆ, ಬ್ಯಾಟರಿ ಹಾಳಾಗುತ್ತದೆ. ಅದನ್ನು ತಡೆಯಲು ಕಂಟ್ರೋಲರ್ ಬಾಗಿಲು ಮುಚ್ಚುತ್ತದೆ. ಕಡಿದಾದ ಜಾಗದಲ್ಲಿ 200 ಕಿಲೋವ್ಯಾಟ್ ಬರುವಾಗ ಅದು 40 ಮಾತ್ರ ಒಪ್ಪಿಕೊಂಡರೆ? ಆದರೆ ಈ ಸಲ ಡ್ರೈವರಿಗೆ ಅನುಭವವಿತ್ತು. ಮೊದಲ ಕಡಿದಾದ ತಿರುವಿಗೆ ಮುಂಚೆಯೇ ನಿಲ್ಲಿಸಿದರು.

ಎರಡು ದಿನ ಸಭೆ. ರೆಸಿಸ್ಟರ್ ಹಾಕಿಸೋಣ, ಸಾಫ್ಟ್‌ವೇರ್ ಬದಲಿಸೋಣ, ಮೊದಲ ಟ್ರಿಪ್ ಅರ್ಧ ಲೋಡು ಹಾಕೋಣ, ಹೀಗೆ ಎಲ್ಲ ಗಾಡಿಯ ಸುತ್ತಲೇ ಸುತ್ತಿತು. ಆಮೇಲೆ ಕರೆಂಟಿನ ವಿಭಾಗದ ಒಬ್ಬರು, ಗಾಡಿಯ ಬಗ್ಗೆ ಏನೂ ಗೊತ್ತಿಲ್ಲ ಅಂತ ಅಲ್ಲಿಯವರೆಗೆ ಸುಮ್ಮನಿದ್ದವರು, ಕೇಳಿದರು: "ಚಾರ್ಜರ್ ಮೇಲೇ ಯಾಕಿರಬೇಕು?"

ಕೆಳಗೆ, ಕ್ರಷರ್ ಹತ್ತಿರ ಚಾರ್ಜ್ ಮಾಡಿದರೆ ಗಾಡಿ ಮೊದಲು ಏರಬೇಕು. ಏರುವಾಗ 21 ಯೂನಿಟ್ ಖಾಲಿ, ಬ್ಯಾಟರಿಯೂ ಬೆಚ್ಚಗಾಗುತ್ತದೆ. ಇಳಿಯುವಾಗ ಬರುವುದು 14. ಜಾಗ ಯಾವಾಗಲೂ ಇದ್ದೇ ಇರುತ್ತದೆ. ಸಬ್‌ಸ್ಟೇಷನ್ನೂ ಕೆಳಗೇ ಇದೆ. ಅಷ್ಟು ಸರಳ.

ಸರಳವಾದರೂ ಒಪ್ಪಿಸುವುದು ಸುಲಭವಾಗಿರಲಿಲ್ಲ. ಶಿಫ್ಟ್ ಮುಗಿದ ಮೇಲೆ ಗಾಡಿ ಕೆಳಗೆ ಬಿಟ್ಟರೆ ಡ್ರೈವರುಗಳು ಕೋಣೆಗೆ ಹೋಗುವುದು ಹೇಗೆ? ಮೆಕ್ಯಾನಿಕ್‌ಗಳು ಮೇಲೆ, ಗಾಡಿ ಕೆಳಗೆ. ಕೊನೆಗೆ ಶಿಫ್ಟ್ ಬದಲಾಗುವ ಜಾಗವನ್ನೇ ಕೆಳಕ್ಕೆ ತಂದರು, ಕ್ರಷರ್ ಪಕ್ಕ ಒಂದು ಕೋಣೆ ಕಟ್ಟಿಸಿದರು, ಮೇಲಿನ ಯಾರ್ಡಿಗೆ ವ್ಯಾನ್ ಬಿಟ್ಟರು. ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ಆ ವ್ಯಾನಿನ ಸಮಯದ ಬಗ್ಗೆ.

ಏನಾಯಿತು

ಆರೂ ಗಾಡಿ ಬೆಟ್ಟಕ್ಕೆ ಬಂದವು. ಖಾಲಿ ಏರುವಾಗ ಡೀಸೆಲ್ಲಿಗಿಂತ ಜೋರಾಗಿ ಏರುವುದರಿಂದ ಶಿಫ್ಟಿಗೆ 12ರ ಬದಲು 13 ಟ್ರಿಪ್ ಆಯಿತು. 13 ಸಲ 26 ಅಂದರೆ 338 ಟನ್. ಡೀಸೆಲ್ಲಿನದು 12 ಸಲ 28, 336. ಮೊದಲ ಸಭೆಯ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಎರಡು ಟನ್ ಲಾಭ ಅಂತ ಮ್ಯಾನೇಜರ್ ನಕ್ಕರು.

ಶಿಫ್ಟಿಗೆ ಒಂದು ಗಾಡಿಗೆ 120 ಯೂನಿಟ್ ಸಾಕು. ಹಾಗಾಗಿ ಆರಕ್ಕೆ ಎರಡೇ ಚಾರ್ಜರ್, ಸರದಿಯ ಮೇಲೆ, ಕ್ರಷರ್ ಶುರುವಾಗುವ ಹೊತ್ತು ತಪ್ಪಿಸಿ. ಅಂದರೆ ಐದು ತಿಂಗಳು ಕಾದ ಟ್ರಾನ್ಸ್‌ಫಾರ್ಮರ್ ಟಿಪ್ಪರ್‌ಗಳಿಗೆ ಬೇಕಾಗಲೇ ಇಲ್ಲ! 350 ಯೂನಿಟ್ ಬ್ಯಾಟರಿಯೂ ಬೇಕಿರಲಿಲ್ಲ. 200 ಇದ್ದಿದ್ದರೆ ಸಾಕಿತ್ತು, ಒಂದು ಟನ್ ಕಲ್ಲು ಜಾಸ್ತಿ ಹೊರುತ್ತಿತ್ತು.

ಟ್ರಾನ್ಸ್‌ಫಾರ್ಮರ್ ಬೇರೆ ಕಡೆ ಉಪಯೋಗಕ್ಕೆ ಬಂತು. ಗುಂಡಿಯಲ್ಲಿ ಕಲ್ಲು ತುಂಬಲು ಬ್ಯಾಟರಿಯ ಲೋಡರ್ ಒಂದನ್ನು ಸ್ವಲ್ಪ ದಿನ ಬಾಡಿಗೆಗೆ ತಂದು ನೋಡಿದ್ದೆವು. ಲೋಡರಿಗೆ ಇಳಿಜಾರೂ ಇಲ್ಲ, ಬಿಡುವೂ ಇಲ್ಲ. ಗಂಟೆಗಂಟೆಗೂ ಒಂದೇ ಸಮ ಕುಡಿಯುತ್ತದೆ, ಅರ್ಧ ಶಿಫ್ಟಿಗೆ ಸುಸ್ತು. ಆದರೆ ತುಂಬುವ ಯಂತ್ರ ದಿನವಿಡೀ ಐವತ್ತು ಮೀಟರ್ ಜಾಗದಲ್ಲೇ ಇರುತ್ತದಲ್ಲ, ಅದಕ್ಕೆ ಬ್ಯಾಟರಿ ಯಾಕೆ? ದೊಡ್ಡ ಗಣಿಗಳಲ್ಲಿ ಕಲ್ಲು ಬಾಚಿ ತುಂಬುವ ಎಲೆಕ್ಟ್ರಿಕ್ ಶವಲ್‌ಗಳು ದಶಕಗಳಿಂದ ಕೇಬಲ್ ಕಟ್ಟಿಕೊಂಡೇ ಕೆಲಸ ಮಾಡುತ್ತಿವೆ. ಕೇಬಲ್ಲಿನ ಒಂದು ಎಕ್ಸ್‌ಕವೇಟರ್ ತಂದರು, ಹೊಸ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಕೊಟ್ಟರು.

ಸಿದ್ಧವಾದ ಮಾಲನ್ನು 320 ಕಿಲೋಮೀಟರ್ ದೂರ ಒಯ್ಯುವ ಹತ್ತು ಲಾರಿಗಳನ್ನು ಮುಟ್ಟಲಿಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ 40 ಪರ್ಸೆಂಟ್ ಮಾತ್ರ ಚಕ್ರಕ್ಕೆ ಕೊಟ್ಟರೂ, 400 ಲೀಟರಿನ ಟ್ಯಾಂಕಿಗೆ ಸಾಟಿಯಾಗುವ ಬ್ಯಾಟರಿ ಹತ್ತು ಟನ್ ದಾಟುತ್ತದೆ. ಅಷ್ಟು ದೊಡ್ಡದು ಬೇಕಿಲ್ಲ, ದಾರಿಯಲ್ಲಿ ಬೇಗ ಚಾರ್ಜ್ ಆದರೆ ಸಾಕು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು ಅಂತ ನಿಯಮವಿದೆ. ಆ ಬಿಡುವಿನಲ್ಲೇ ಬ್ಯಾಟರಿ ತುಂಬಬೇಕು ಅನ್ನೋದು ಯೋಚನೆ. ಅದಕ್ಕಾಗಿ 2022ರಲ್ಲಿ ಓಸ್ಲೋದಲ್ಲಿ ತೋರಿಸಿದ ಮೆಗಾವ್ಯಾಟ್ ಚಾರ್ಜಿಂಗ್ ವ್ಯವಸ್ಥೆಯ ಮಿತಿ 3.75 ಮೆಗಾವ್ಯಾಟ್. ನಮ್ಮ ಇಡೀ ಯಾರ್ಡಿಗೆ ಬೇಡಿದ್ದಕ್ಕಿಂತ ನಾಲ್ಕು ಪಟ್ಟು, ಒಂದೇ ಪ್ಲಗ್ಗಿನಲ್ಲಿ. ಅಲ್ಲಿ ಎಲೆಕ್ಟ್ರಿಕ್ ಟ್ರಕ್‌ಗಳಿಗೆ 2 ಟನ್ ತನಕ ಹೆಚ್ಚಿನ ತೂಕಕ್ಕೂ ಅವಕಾಶವಿದೆ. ನಮ್ಮ ದಾರಿಯಲ್ಲಿ ಎರಡೂ ಇರಲಿಲ್ಲ. ಮಾಲು ಇಳಿಸುವ ಗಿರಾಕಿಗಳ ಅಂಗಳದಲ್ಲಿ ಸಾಧಾರಣ ಚಾರ್ಜರ್ ಕೂಡ ಇಲ್ಲ.

ಇದನ್ನು ಇನ್ನೊಬ್ಬರು ಶುರು ಮಾಡುವುದಾದರೆ ನಾನು ಕೊಡುವುದು ಅನುಕ್ರಮ ಮಾತ್ರ. ಮೊದಲು ದಾರಿಯ ಏರಿಳಿತ, ಲೋಡು ಯಾವ ಕಡೆಗೆ ಅನ್ನೋದು. ಆಮೇಲೆ ಒಂದು ಟ್ರಿಪ್ಪಿನ ಯೂನಿಟ್. ಆಮೇಲೆ ಚಾರ್ಜರ್ ಎಲ್ಲಿ, ಯಾವ ಹೊತ್ತಿಗೆ. ಕರೆಂಟಿನ ಅರ್ಜಿ ಆ ವಾರವೇ. ಗಾಡಿಯ ಆರ್ಡರ್ ಕೊನೆಗೆ. ನಾವು ಇದನ್ನು ಪೂರ್ತಿ ಉಲ್ಟಾ ಮಾಡಿದ್ದೆವು.

ಎರಡನೇ ಕಂತಿನ ಆರ್ಡರ್ ಈಗ ಹೋಗಿದೆ. ಬೆಟ್ಟಕ್ಕೇ, 200 ಯೂನಿಟ್ಟಿನ ಬ್ಯಾಟರಿ, ಬ್ರೇಕ್ ರೆಸಿಸ್ಟರ್ ಈ ಸಲ ಐಚ್ಛಿಕ ಅಲ್ಲ. ಗುಂಡಿಯಲ್ಲಿ ಡೀಸೆಲ್ಲೇ ಓಡುತ್ತಿದೆ. ಸ್ಟೋರಿನ ರಿಜಿಸ್ಟರಿನಲ್ಲಿ ಆ ಆರು ಗಾಡಿಗಳ ಮುಂದೆ ಬ್ರೇಕ್ ಲೈನಿಂಗ್ ಸಾಲು ಇನ್ನೂ ಖಾಲಿ ಇದೆ. ಅದರ ಬದಲು ಟೈರ್ ಬೇಗ ಸವೆಯುತ್ತಿದೆ. ಭಾರಕ್ಕೋ, ಮೋಟರಿನ ಜಗ್ಗುವಿಕೆಗೋ ಅಂತ ನೋಡುತ್ತಿದ್ದೇವೆ.